ಸಾವಿರಾರು ಬಗ್‌ಗಳಲ್ಲಿ ಯಾವುದು ಮೊದಲು ಎಂದು ತೀರ್ಮಾನವಾಗುವುದು ಹೇಗೆ?

ನೀವು ಕೇಳಿರುವುದು ಎರಡು ಸಂಗತಿ. ದೊಡ್ಡ ಮುಕ್ತ ತಂತ್ರಾಂಶವೊಂದರಲ್ಲಿ ಸಾವಿರಾರು ಬಗ್‌ಗಳು, ಅಂದರೆ ದೋಷಗಳು, ಬಾಕಿ ಇರುವಾಗ ಯಾವುದನ್ನು ಮೊದಲು ಸರಿಪಡಿಸಬೇಕೆಂದು ಯಾರು ನಿರ್ಧರಿಸುತ್ತಾರೆ ಎಂಬುದು ಒಂದು; ಕನ್ನಡದ ಒತ್ತಕ್ಷರಗಳು ಪಿಡಿಎಫ್‌ನಲ್ಲಿ ಒಡೆದು ಬರುತ್ತವೆಂದು ನೀವು ಕೊಟ್ಟ ವರದಿಗೆ ಎರಡು ವರ್ಷವಾದರೂ ಯಾರೂ ಕೈಹಾಕದಿರುವುದು ಕನ್ನಡದ ಬಗೆಗಿನ ಅಸಡ್ಡೆಯೇ ಎಂಬುದು ಇನ್ನೊಂದು. ನಾನು ಸಾಗರದವನು, ಬಿಡುವಿನ ವೇಳೆಯಲ್ಲಿ ಲಿಬ್ರೆ ಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶಕ್ಕೆ ಬರುವ ಬಗ್ ವರದಿಗಳನ್ನು ಪರೀಕ್ಷಿಸಿ ವಿಂಗಡಿಸುವ ಸ್ವಯಂಸೇವಕರಲ್ಲಿ ಒಬ್ಬ. ನೀವು ಯೋಜನೆಯ ಹೆಸರು ಹೇಳಿಲ್ಲವಾದರೂ ಈ ಕೆಲಸದ ರೀತಿ ದೊಡ್ಡ ಯೋಜನೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ.

ಬಗ್ ವರದಿಗಳನ್ನು ದಾಖಲಿಸುವ ಬಗ್‌ಜಿಲ್ಲಾದಂತಹ ವ್ಯವಸ್ಥೆಯಲ್ಲಿ ತೀವ್ರತೆ ಮತ್ತು ಆದ್ಯತೆ ಎಂಬ ಎರಡು ಬೇರೆ ಬೇರೆ ಅಂಕಣಗಳಿರುತ್ತವೆ. ಬಗ್‌ನಿಂದ ಆಗುವ ಹಾನಿ ಎಷ್ಟು ಎಂಬುದು ತೀವ್ರತೆ, ಎಷ್ಟು ಬೇಗ ಸರಿಪಡಿಸಬೇಕು ಎಂಬುದು ಆದ್ಯತೆ. ಕಂಪನಿಯೊಂದರಲ್ಲಾದರೆ ಆದ್ಯತೆ ಎಂದರೆ ಆದೇಶವೇ ಸರಿ. ಮುಕ್ತ ಯೋಜನೆಯಲ್ಲಿ ಹಾಗಲ್ಲ. ಸಂಬಳ ಪಡೆದು ಕೋಡ್ ಬರೆಯುವವರು ತಮ್ಮ ಕಂಪನಿಯ ಗ್ರಾಹಕರಿಗೆ ಬೇಕಾದದ್ದನ್ನು ಮೊದಲು ನೋಡುತ್ತಾರೆ, ಸ್ವಯಂಸೇವಕರು ತಮಗೆ ತಿಳಿದಿರುವ ಭಾಗವನ್ನು ನೋಡುತ್ತಾರೆ. ನಾನು ಒಂದು ವರದಿಗೆ ‘ಅತಿ ಹೆಚ್ಚು’ ಎಂದು ಗುರುತು ಹಾಕಿದ ಮಾತ್ರಕ್ಕೆ ಯಾರೂ ಅದನ್ನು ಕೈಗೆತ್ತಿಕೊಳ್ಳಬೇಕಾಗಿಲ್ಲ. ಆದ್ದರಿಂದ ವಿಂಗಡಿಸುವವರ ನಿಜವಾದ ಕೆಲಸವೆಂದರೆ, ಸರಿಪಡಿಸಬಲ್ಲವರ ಕಣ್ಣಿಗೆ ಸರಿಯಾದ ಬಗ್ ಬೀಳುವಂತೆಯೂ, ಕೈಹಾಕಿದಾಗ ಅವರ ಶ್ರಮ ಕಡಿಮೆಯಾಗುವಂತೆಯೂ ಮಾಡುವುದು.

ಎಲ್ಲಕ್ಕಿಂತ ಮೊದಲು ಬರುವುದು ಭದ್ರತೆಯ ಲೋಪ ಮತ್ತು ದತ್ತಾಂಶ ನಷ್ಟ. ಇದರಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಯೋಜನೆಯವರು ಇದನ್ನು ಲಿಖಿತ ನಿಯಮವನ್ನಾಗಿಯೇ ಮಾಡಿಕೊಂಡಿದ್ದಾರೆ: ಕ್ರಿಟಿಕಲ್, ಗ್ರೇವ್, ಸೀರಿಯಸ್ ಎಂಬ ಮೂರು ದರ್ಜೆಯ ಬಗ್‌ಗಳು ಬಿಡುಗಡೆಗೆ ಅಡ್ಡಿಯೆಂದು ಎಣಿಕೆಯಾಗುತ್ತವೆ, ಅವು ಬಗೆಹರಿಯದಿದ್ದರೆ ಆ ಪ್ಯಾಕೇಜನ್ನೇ ಮುಂದಿನ ಆವೃತ್ತಿಯಿಂದ ಕೈಬಿಡುವುದೂ ಉಂಟು. ಎಷ್ಟು ಜನ ದೂರಿದ್ದಾರೆ ಎಂಬ ಲೆಕ್ಕ ಇಲ್ಲಿ ಹಿಂದೆ ಸರಿಯುತ್ತದೆ. ಗುಂಡಿಯ ಮೇಲಿನ ಚಿತ್ರ ಮಸುಕಾಗಿದೆ ಎಂದು ನೂರು ಜನ ಬರೆದಿರಬಹುದು. ಯಾವುದೋ ಸಹಕಾರ ಸಂಘದ ಗುಮಾಸ್ತರೊಬ್ಬರು ಮಾತ್ರ, ಅಡಿಕೆ ತೂಕದ ಲೆಕ್ಕದ ಹಾಳೆಯನ್ನು ಉಳಿಸಿ ಮತ್ತೆ ತೆರೆದಾಗ ಕೆಲವು ಸೂತ್ರಗಳು ಮಾಯವಾಗಿದ್ದವು ಎಂದು ಬರೆದರೆ, ನಾನು ಎರಡನೆಯದನ್ನೇ ಮೊದಲು ತೆರೆಯುತ್ತೇನೆ. ಅಂತರ್ಜಾಲದ ಸಂಪರ್ಕಗಳನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ಲೋಪವು 2012ರ ಮಾರ್ಚ್‌ನಲ್ಲಿ ಬಂದ 1.0.1 ಆವೃತ್ತಿಯಲ್ಲೇ ಇತ್ತು, ಬಹಿರಂಗವಾದದ್ದು 2014ರ ಏಪ್ರಿಲ್‌ನಲ್ಲಿ. ಆ ಎರಡು ವರ್ಷ ಅದು ಬಳಕೆದಾರರಿಗೆ ಯಾವ ತೊಂದರೆಯಾಗಿಯೂ ಕಾಣಿಸಿರಲಿಲ್ಲ. ಮತಗಳನ್ನು ಎಣಿಸಿ ಆದ್ಯತೆ ಕೊಡುವ ಪದ್ಧತಿಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ನಂತರದ ಸ್ಥಾನ ರಿಗ್ರೆಷನ್‌ಗಳದು, ಅಂದರೆ ಹಿಂದಿನ ಆವೃತ್ತಿಯಲ್ಲಿ ಸರಿಯಾಗಿದ್ದು ಹೊಸದರಲ್ಲಿ ಕೆಟ್ಟವು. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿ ಅದರ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು: ಬಳಕೆದಾರರ ಕೆಲಸ ಕೆಡಿಸಿದ ಬದಲಾವಣೆಯನ್ನು ಸರಿಪಡಿಸಬೇಕು, ಇಲ್ಲವಾದರೆ ಹಿಂತೆಗೆಯಬೇಕು. ಇದಕ್ಕೆ ನ್ಯಾಯದ ಕಾರಣವಿದೆ, ಏಕೆಂದರೆ ಕೊಟ್ಟದ್ದನ್ನು ಕಿತ್ತುಕೊಂಡಂತಾಗಬಾರದು. ಅದಕ್ಕಿಂತ ಮುಖ್ಯವಾದ ವ್ಯಾವಹಾರಿಕ ಕಾರಣವೂ ಇದೆ. ರಿಗ್ರೆಷನ್ ಆದರೆ ಕೆಡಿಸಿದ ಕಮಿಟ್ (ಕೋಡ್‌ಗೆ ಸೇರಿಸಿದ ಒಂದು ಬದಲಾವಣೆ) ಯಾವುದೆಂದು ಹುಡುಕಲು ಸಾಧ್ಯ. ಗಿಟ್ ಬೈಸೆಕ್ಟ್ ಎಂಬ ಉಪಕರಣ ಪ್ರತಿ ಪರೀಕ್ಷೆಯಲ್ಲೂ ಉಳಿದ ಕಮಿಟ್‌ಗಳನ್ನು ಅರ್ಧಕ್ಕೆ ಇಳಿಸುವುದರಿಂದ, ಸಾವಿರ ಕಮಿಟ್‌ಗಳಲ್ಲಿ ತಪ್ಪಾದದ್ದನ್ನು ಹಿಡಿಯಲು ಸುಮಾರು 10 ಪರೀಕ್ಷೆಗಳು ಸಾಕು. ಲಿಬ್ರೆ ಆಫೀಸ್‌ನಲ್ಲಿ ಮೊದಲೇ ಕಂಪೈಲ್ ಮಾಡಿ, ಅಂದರೆ ನೇರವಾಗಿ ಓಡಿಸಲು ಸಿದ್ಧಪಡಿಸಿ, ಇಟ್ಟ ಆವೃತ್ತಿಗಳ ಭಂಡಾರಗಳಿರುವುದರಿಂದ ಕೋಡ್ ಬರೆಯಲು ಬಾರದವರೂ ಈ ಹುಡುಕಾಟ ನಡೆಸಬಹುದು; ಇದನ್ನು ಅಲ್ಲಿ ಬಿಬಿಸೆಕ್ಟ್ ಎನ್ನುತ್ತಾರೆ. ಆ ಭಂಡಾರಗಳು ಅನೇಕ ಜಿಬಿಗಳಷ್ಟು ದೊಡ್ಡವು. ಮಳೆಗಾಲದಲ್ಲಿ ಕರೆಂಟ್ ಹೋದರೆ ಜೊತೆಗೆ ಟವರೂ ಹೋಗುವ ನಮ್ಮ ಕಡೆಯ ಹಳ್ಳಿಗಳಲ್ಲಿ ಅಷ್ಟನ್ನು ಇಳಿಸಿಕೊಳ್ಳುವುದು ಕಷ್ಟ, ಆದರೆ ಒಮ್ಮೆ ಇಳಿಸಿಕೊಂಡ ಮೇಲೆ ಪರೀಕ್ಷೆಗೆ ನೆಟ್‌ವರ್ಕ್ ಬೇಡ. ಕೆಡಿಸಿದ ಕಮಿಟ್ ಇದೇ ಎಂದು ತೋರಿಸಿದ ವರದಿ, ಆ ಕೋಡ್ ಬರೆದವರ ನೆನಪು ಹಸಿಯಾಗಿರುವಾಗಲೇ ಅವರ ಮುಂದೆ ಹೋಗುತ್ತದೆ. ಅಂತಹ ವರದಿಗೆ ಆದ್ಯತೆಯ ಗುರುತಿನ ಅಗತ್ಯವೇ ಅಷ್ಟಾಗಿ ಬೀಳುವುದಿಲ್ಲ.

ಬಿಡುಗಡೆಯ ದಿನ ಎಷ್ಟು ದೂರವಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಹೊಡೆಯಬೇಕಾದಂತೆ, ಆಳವಾದ ತಿದ್ದುಪಡಿಗಳು ಆವೃತ್ತಿ ಗಟ್ಟಿಯಾಗುವ ಮೊದಲೇ ಒಳಗೆ ಹೋಗಬೇಕು. ಬಿಡುಗಡೆ ಹತ್ತಿರವಾದಂತೆ ಪ್ರತಿ ಪ್ಯಾಚನ್ನೂ, ಅಂದರೆ ತಿದ್ದುಪಡಿಯನ್ನೂ, ಹೆಚ್ಚು ಜನ ಪರಿಶೀಲಿಸಿ ಒಪ್ಪಬೇಕಾಗುತ್ತದೆ, ಮತ್ತು ಗಂಭೀರವಾದ ಬಗ್ ಕೂಡ, ಪರಿಹಾರವೇ ಹೊಸ ಅಪಾಯ ತರುವಂತಿದ್ದರೆ, ಮುಂದಿನ ಆವೃತ್ತಿಗೆ ಹೋಗುತ್ತದೆ.

ಈಗ ಕನ್ನಡದ ವಿಷಯ. ಅಸಡ್ಡೆ ಎಂದು ನಾನು ಹೇಳಲಾರೆ, ಆದರೆ ಈ ವ್ಯವಸ್ಥೆಯಲ್ಲಿ ನಮಗೆ ಅನನುಕೂಲ ಇರುವುದು ನಿಜ. ಶಿವಮೊಗ್ಗದ ಡಿಟಿಪಿ ಅಂಗಡಿಗಳಲ್ಲಿ ಅಕ್ಷರ ಒಡೆದರೆ ವರದಿ ಬರೆಯುವ ಬದಲು ಬೇರೆ ಫಾಂಟ್ ಹಾಕಿ, ಇಲ್ಲವೇ ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಅಕ್ಷರಗಳಿಗೆ ಮರಳಿ ಕೆಲಸ ಮುಗಿಸುತ್ತಾರೆ. ಗಿರಾಕಿ ಎದುರಿಗೆ ಕಾಯುತ್ತಿರುವಾಗ ಅವರು ಮಾಡುವುದು ಸಹಜವೇ. ಆದರೆ ಆ ತೊಂದರೆ ಯಾವ ಪಟ್ಟಿಯಲ್ಲೂ ದಾಖಲಾಗುವುದಿಲ್ಲ, ದಾಖಲಾದ ಒಂದೆರಡನ್ನು ಪರೀಕ್ಷಿಸಲು ಕನ್ನಡ ಓದಬಲ್ಲವರು ಅಲ್ಲಿ ವಿರಳ. ಒತ್ತಕ್ಷರ ತಪ್ಪಿ ಪದವೇ ಓದಲಾಗದಂತಾದರೆ ಅದನ್ನು ಅಂದಚೆಂದದ ತೊಂದರೆಯೆಂದು ಕೆಳಗೆ ತಳ್ಳಬಾರದು, ದತ್ತಾಂಶ ನಷ್ಟದ ಪಕ್ಕದಲ್ಲೇ ಇಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಕನ್ನಡ ಬಾರದ ಡೆವಲಪರ್‌ಗೆ ಅದನ್ನು ತಿಳಿಸಿ ಹೇಳಬೇಕಾದವರು ನಾವೇ.

ನಿಮ್ಮ ವರದಿಯ ಮಟ್ಟಿಗೆ, ಮೊದಲು ತೊಂದರೆ ಯಾರ ಮನೆಯದೆಂದು ಗೊತ್ತುಮಾಡಿಕೊಳ್ಳಿ. ನೀವು ಬಳಸುವುದು ಲಿಬ್ರೆ ಆಫೀಸ್ ಆಗಿದ್ದರೆ, ಅದು 2017ರ 5.3 ಆವೃತ್ತಿಯಿಂದ ಎಲ್ಲ ಕಾರ್ಯಾಚರಣಾ ವ್ಯವಸ್ಥೆಗಳಲ್ಲೂ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ತಂತ್ರಾಂಶ ಭಾಗವನ್ನು (ಲೈಬ್ರರಿ) ಬಳಸುತ್ತಿದೆ. ಫೈರ್‌ಫಾಕ್ಸ್ ಬ್ರೌಸರ್ ಕೂಡ ಅದನ್ನೇ ಬಳಸುತ್ತದೆ. ಅದೇ ಸಾಲನ್ನು ಅದೇ ಫಾಂಟಿನಲ್ಲಿ ಫೈರ್‌ಫಾಕ್ಸ್‌ನಲ್ಲಿ ನೋಡಿ. ಅಲ್ಲಿಯೂ ಒಡೆದರೆ ತಪ್ಪು ಬಹುಶಃ ಫಾಂಟಿನದು ಅಥವಾ ಹಾರ್ಫ್‌ಬಜ್‌ನದು, ವರದಿ ಹೋಗಬೇಕಾದ್ದು ಅವರಿಗೆ. ಪಿಡಿಎಫ್‌ನಲ್ಲಿ ಕಣ್ಣಿಗೇ ತಪ್ಪಾಗಿ ಕಾಣುತ್ತಿದೆಯೋ, ಅಥವಾ ನೋಡಲು ಸರಿಯಿದ್ದು ನಕಲು ಮಾಡಿದಾಗ ಮಾತ್ರ ಒಡೆಯುತ್ತಿದೆಯೋ ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ. ಪಿಡಿಎಫ್ ಅಕ್ಷರಗಳ ಆಕಾರಗಳನ್ನು ಇಟ್ಟುಕೊಂಡು, ಅವು ಯಾವ ಯೂನಿಕೋಡ್ ಅಕ್ಷರಗಳೆಂಬುದನ್ನು ಬೇರೆ ಕೋಷ್ಟಕದಲ್ಲಿ ಹೇಳುವುದರಿಂದ ಇವು ಬೇರೆ ಬೇರೆ ಬಗ್‌ಗಳಾಗುತ್ತವೆ. ಇಂದಿನ ಆವೃತ್ತಿಯಲ್ಲಿ ಮತ್ತೊಮ್ಮೆ ಪರೀಕ್ಷಿಸಿ, ಒಂದೇ ಸಾಲಿನ ಕಡತ, ಫಾಂಟಿನ ಹೆಸರು ಮತ್ತು ಆವೃತ್ತಿ, ಬಂದ ರೂಪ, ಬರಬೇಕಾದ ರೂಪದ ಚಿತ್ರ, ಕೊನೆಯದಾಗಿ ಸರಿಯಾಗಿದ್ದ ಆವೃತ್ತಿ ಗೊತ್ತಿದ್ದರೆ ಅದನ್ನೂ ಸೇರಿಸಿ. ಬಹಳಷ್ಟು ಯೋಜನೆಗಳಲ್ಲಿ ಇನ್ನೊಬ್ಬರು ತಮ್ಮ ಯಂತ್ರದಲ್ಲಿ ಕಂಡು ದೃಢಪಡಿಸುವವರೆಗೆ ವರದಿ ಮೊದಲ ಮೆಟ್ಟಿಲಿನಲ್ಲೇ ಉಳಿಯುತ್ತದೆ. ಆದ್ದರಿಂದ ವರದಿಯ ಕೊಂಡಿಯನ್ನು ಈ ಉತ್ತರದ ಕೆಳಗೆ ಹಾಕಿ, ನಾನು ಪರೀಕ್ಷಿಸಿ ಕಂಡದ್ದನ್ನು ಅಲ್ಲಿಯೇ ದಾಖಲಿಸುತ್ತೇನೆ.