ಯಕ್ಷಗಾನದ ಪದ್ಯ ಮನೆಯಲ್ಲೇ ರೆಕಾರ್ಡ್ ಮಾಡಬೇಕು. 40,000 ರೂಪಾಯಿ ಇದೆ. ಯಾವ ಕಂಡೆನ್ಸರ್ ಮೈಕ್ ತಗೊಳ್ಳಲಿ?

ನೀವು ಕುಮಟಾದವರು ಅಂತ ಬರೆದಿದ್ದೀರಿ, ನಾನು ಶಿರಸಿಯವನು. ಇದೇ ಆಸೆ ಇಟ್ಟುಕೊಂಡು, ಹೆಚ್ಚುಕಡಿಮೆ ಇಷ್ಟೇ ದುಡ್ಡಲ್ಲಿ ಶುರು ಮಾಡಿದ್ದೆ. ಮುಕ್ಕಾಲು ಪಾಲು ಮೈಕಿಗೇ ಸುರಿದೆ. ಉಳಿದದ್ದರಲ್ಲಿ ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್, ಅಂದರೆ ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ, ಬಂತು.

ಮೇಳದ ಕಲಾವಿದರಿಗೆ ಬಿಡುವು ಸಿಗೋದು ಮಳೆಗಾಲದಲ್ಲಿ. ಹಾಗಾಗಿ ಜುಲೈನಲ್ಲಿ ಪರಿಚಯದ ಭಾಗವತರನ್ನು ಮನೆಗೆ ಕರೆದೆ. ಮದ್ದಲೆ, ಚಂಡೆಯವರೂ ಬಂದರು. ಭಾಗವತರಿಗೆ ನನ್ನ ಹೊಸ ಮೈಕ್, ಚಂಡೆ ಮದ್ದಲೆಗೆ ಸ್ನೇಹಿತನ ಮೈಕ್. ಎಲ್ಲರೂ ಒಂದೇ ಕೋಣೆಯಲ್ಲಿ. ಪಕ್ಕದಲ್ಲೇ ಚಂಡೆ ಬಡಿಯುತ್ತಿದ್ದರೆ ಹೆಡ್‌ಫೋನಿನಲ್ಲಿ ಏನು ಕೇಳುತ್ತದೆ ಹೇಳಿ? ಭಾಗವತರ ದನಿ ಸಣ್ಣದಾಯಿತು ಅನ್ನಿಸಿತು. ಇಂಟರ್‌ಫೇಸಿನ ಗೇನ್ ಗುಂಡಿ ಏರಿಸಿದೆ. ಇನ್ನೂ ಏರಿಸಿದೆ.

ನಾನು ಏರಿಸಬೇಕಿದ್ದದ್ದು ಹೆಡ್‌ಫೋನ್ ಗುಂಡಿಯನ್ನು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯವರು ಯಾರೂ ಹೇಳಲಿಲ್ಲ. ಮೈಕಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಅದನ್ನು ದೊಡ್ಡದು ಮಾಡೋದು ಗೇನ್. ದೊಡ್ಡದಾದ ಮೇಲೆ ಅದು ಕನ್ವರ್ಟರಿಗೆ ಹೋಗಿ ಅಂಕಿಗಳಾಗುತ್ತದೆ. ಹೆಡ್‌ಫೋನ್ ಗುಂಡಿ ಇರೋದು ನಿಮ್ಮ ಕಿವಿಗೆ ಮಾತ್ರ, ರೆಕಾರ್ಡಿಂಗಿಗೂ ಅದಕ್ಕೂ ಸಂಬಂಧವೇ ಇಲ್ಲ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ಲೇ ಕೊನೆ, ಅದರ ಮೇಲೆ ಬರೆಯಲು ಅಂಕಿಯೇ ಇಲ್ಲ. ದನಿ ಅದನ್ನು ದಾಟಿದರೆ ಅಲೆಯ ತುದಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಇಂಟರ್‌ಫೇಸಿನ ದೀಪ ಕೆಂಪಾದಾಗ ನಾನು ಲ್ಯಾಪ್‌ಟಾಪಿನಲ್ಲಿ ಫೇಡರ್, ಅಂದರೆ ಸಾಫ್ಟ್‌ವೇರಿನಲ್ಲಿ ದನಿ ಏರಿಳಿಸುವ ಗುಂಡಿ, ಕೆಳಗೆಳೆದೆ. ಪರದೆಯ ಮೇಲಿನ ಕೆಂಪು ಹೋಯಿತು, ಸರಿಯಾಯಿತು ಅಂದುಕೊಂಡೆ. ಫೇಡರ್ ಇರೋದು ಕನ್ವರ್ಟರ್ ಆದಮೇಲೆ. ಹರಿದುಹೋದ ದನಿ ಹರಿದೇ ಇತ್ತು, ಸಣ್ಣಗೆ ಕೇಳಿಸಿತು ಅಷ್ಟೇ.

ರಾತ್ರಿ ಕೇಳಿದರೆ ಭಾಗವತರು ಏರುದನಿಗೆ ಹೋದ ಕಡೆಯೆಲ್ಲ ಬಿರುಕು. ಯಾವ ಸಾಫ್ಟ್‌ವೇರಿಂದಲೂ ಅದನ್ನು ಮೊದಲಿನಂತೆ ಮಾಡಲಾಗಲಿಲ್ಲ. ಮಳೆ ಮುಗಿದ ಮೇಲೆ ತಿರುಗಾಟ ಶುರುವಾಯಿತು. ಆ ಮೂವರನ್ನು ಒಟ್ಟಿಗೆ ಕೂರಿಸಲು ನನಗೆ ಮತ್ತೆ ಆಗಲೇ ಇಲ್ಲ.

ಹಾಗಾಗಿ ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ ರೆಕಾರ್ಡಿಂಗ್ 24 ಬಿಟ್‌ಗೆ ಇಡಿ. ಒಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್ ಲೆಕ್ಕ, ಸಣ್ಣ ದನಿಗೂ ದೊಡ್ಡ ದನಿಗೂ ಜಾಗ ಬೇಕಾದಷ್ಟಿದೆ. ಅತಿ ಜೋರಿನ ಕಡೆಯೂ ದನಿಯ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡೆಸಿಬೆಲ್ ದಾಟದಿರಲಿ. ಸಣ್ಣದಾಯಿತಲ್ಲ ಅಂತ ಹೆದರಬೇಡಿ, ಆಮೇಲೆ ಏರಿಸಬಹುದು.

ಇನ್ನು ನಿಮ್ಮ ಪ್ರಶ್ನೆ. ಕಂಡೆನ್ಸರ್ ಮೈಕೇ ಬೇಡ ಅಂತೀನಿ. ಅದು ಸೂಕ್ಷ್ಮ, ನಿಜ. ಆದರೆ ನಮ್ಮ ಮನೆಗಳಲ್ಲಿ ಅದಕ್ಕೆ ಹಂಚಿನ ಮೇಲಿನ ಮಳೆ, ತೋಟದ ಪಂಪು, ಕಪ್ಪೆ ಎಲ್ಲವೂ ಕೇಳುತ್ತದೆ. ಕರಾವಳಿಯ ತೇವಕ್ಕೆ ಚರಚರ ಅನ್ನಲೂ ಶುರು ಮಾಡಬಹುದು. 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲ್‌ನಲ್ಲೇ ಹೋಗುವ ಕರೆಂಟು, ಬೇರೆ ಕೊಡಬೇಕು. ಅಷ್ಟು ಸೂಕ್ಷ್ಮವಲ್ಲದ, ಆ ಕರೆಂಟೂ ಬೇಡದ ಡೈನಮಿಕ್ ಮೈಕ್ ತಗೊಳ್ಳಿ. ಶೂರ್ ಎಸ್‌ಎಂ58 ಬಂದದ್ದು 1966ರಲ್ಲಿ, ಇವತ್ತಿಗೂ ಎಷ್ಟೋ ವೇದಿಕೆಗಳಲ್ಲಿ ಅದೇ ಇದೆ. ಬಾಯಿಂದ ನಾಲ್ಕು ಬೆರಳು ದೂರ ಇಡಿ. ದನಿ ಮುಂದೆ ಬರುತ್ತದೆ, ಮಳೆ ಹಿಂದೆ ಸರಿಯುತ್ತದೆ. ಅದು ಕಾರ್ಡಿಯಾಯ್ಡ್ ಮೈಕ್, ಬೆನ್ನ ಕಡೆಯ ಸದ್ದು ಕಡಿಮೆ ಹಿಡಿಯುತ್ತದೆ. ಅದಕ್ಕೇ ಚಂಡೆಯವರನ್ನು ಭಾಗವತರ ಎದುರಿಗೆ, ಮೈಕಿನ ಬೆನ್ನಿನ ಕಡೆ ಕೂರಿಸಿ. ಡೈನಮಿಕ್‌ಗೆ ಗೇನ್ ಜಾಸ್ತಿ ಬೇಕು, ಗಾಬರಿ ಬೇಡ.

ಟೈಲ್ಸ್ ಹಾಕಿದ ಹಾಲ್ ಬೇಡ, ಗುಂಯ್ ಅನ್ನುತ್ತದೆ. ಬಟ್ಟೆ, ಹಾಸಿಗೆ ತುಂಬಿರುವ ಕೋಣೆ ಆರಿಸಿ. ರೆಕಾರ್ಡಿಂಗಿನಲ್ಲಿ ಹಮ್, ಅಂದರೆ ಕರೆಂಟಿನ ಗೊಂಯ್ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.

ಮತ್ತೆ, ಗೇನ್ ಹೊಂದಿಸುವಾಗ ಸುಮ್ನೆ ‘ಹಲೋ ಚೆಕ್’ ಅನ್ನಿಸಬೇಡಿ. ಭಾಗವತರಿಗೆ ಅತಿ ಏರಿನ ಪದ್ಯ ಹೇಳಲು ಹೇಳಿ, ಚಂಡೆಯೂ ಪೂರ್ತಿ ಜೋರಲ್ಲಿ ಬಾರಿಸಲಿ. ಆಗ ಮೀಟರ್ ಮೈನಸ್ 18ರ ಹತ್ತಿರ ಇದ್ದರೆ ಸಾಕು. ಆಟದ ಹುಮ್ಮಸ್ಸಿಗೆ ಬಂದಮೇಲೆ ಅವರು ಇನ್ನೂ ಏರುತ್ತಾರೆ.