ಮಗು ವಾಪಸ್ ಹೋಗಬೇಕಾದ ಮನೆಯ ಬಗ್ಗೆಯೂ ಬರೆಯಿರಿ

ನಮಸ್ಕಾರ,

ನೀವು ಕಳುಹಿಸಿದ 'ಸಾಕು ಮನೆಗಳು: ವಿಧಗಳು ಮತ್ತು ಸವಾಲುಗಳು' ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಿ ಅಂತಲೂ ಹೇಳುತ್ತಿಲ್ಲ. ಫಾಸ್ಟರ್ ಕೇರ್, ಅಂದರೆ ಹೆತ್ತವರ ಬಳಿ ಇರಲಾಗದ ಮಗುವನ್ನು ಬೇರೆ ಕುಟುಂಬ ದತ್ತು ಪಡೆಯದೆ ಸಾಕುವುದು, ಇದರ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ನೀವು ಅಂಥ ಒಂದು ಮನೆಗೆ ಹೋಗಿದ್ದೀರಿ, ಕೂತು ಮಾತಾಡಿಸಿದ್ದೀರಿ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ತುರ್ತಾದ ವಿಷಯ. ಲೇಖನದಲ್ಲಿ ಆ ಮನೆಯಲ್ಲಿ ಬೆಳೆಯುತ್ತಿರುವ ಹುಡುಗಿಯ ಹೆಸರಿದೆ, ಊರಿದೆ, ಶಾಲೆಯ ಹೆಸರೂ ಇದೆ. ಸಾಕುತ್ತಿರುವ ತಾಯಿಯ ಪಕ್ಕ ನಿಂತ ಫೋಟೊ ಬೇರೆ ಕಳುಹಿಸಿದ್ದೀರಿ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಇಂಥ ಮಗುವಿನ ಗುರುತು ಹೊರಬೀಳುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಶಿಕ್ಷೆಯ ಮಾತು ಬಿಡಿ. ಅವಳು ಆರನೇ ಕ್ಲಾಸಿನಲ್ಲಿದ್ದಾಳೆ. ಅವಳ ತಾಯಿಗೆ ಮಾನಸಿಕ ಕಾಯಿಲೆ, ಅಪ್ಪ ಬಿಟ್ಟು ಹೋಗಿದ್ದಾನೆ ಅಂತ ಬರೆದಿದ್ದೀರಿ. ಇದು ಪಕ್ಕದ ಬೆಂಚಿನ ಮಕ್ಕಳಿಗೆ ಗೊತ್ತಾಗಬೇಕೋ ಬೇಡವೋ ಅನ್ನುವುದು ಅವಳಿಗೆ ಬಿಟ್ಟದ್ದು. 'ಹೆಸರು ಬದಲಿಸಲಾಗಿದೆ' ಅಂತ ಹಾಕಿ ಊರು, ಶಾಲೆ ಹಾಗೇ ಇಟ್ಟರೂ ಆಗುವುದಿಲ್ಲ. ಚಿಕ್ಕ ಊರಿನಲ್ಲಿ ಒಂದು ಸುಳಿವು ಸಾಕು, ಎಲ್ಲರೂ ಗುರುತು ಹಿಡಿಯುತ್ತಾರೆ.

ಈಗ ಲೇಖನಕ್ಕೆ ಬರೋಣ. ಏಳು ವಿಧಗಳನ್ನು ಕೊಟ್ಟಿದ್ದೀರಿ. ತುರ್ತು ಪಾಲನೆ, ಅಲ್ಪಾವಧಿ, ದೀರ್ಘಾವಧಿ, ಬಿಡುವಿನ ಪಾಲನೆ, ಬಂಧುಗಳ ಪಾಲನೆ, ಚಿಕಿತ್ಸಕ ಪಾಲನೆ, ದತ್ತುಪೂರ್ವ ಪಾಲನೆ. ಪ್ರತಿಯೊಂದಕ್ಕೂ ಮೂರು ಸಾಲು, ಕೆಳಗೆ 'ಸವಾಲುಗಳು' ಅಂತ ಎರಡು ಸಾಲು. ಇದು ಇಂಗ್ಲೆಂಡ್, ಅಮೆರಿಕದ ಪಟ್ಟಿ. ಆ ದೇಶಗಳಲ್ಲಿ ಈ ಪಟ್ಟಿಗೆ ಅರ್ಥ ಇದೆ. ರಾತ್ರಿ ಹೊತ್ತು ಮಗುವನ್ನು ಮನೆಯಿಂದ ಹೊರಗೆ ತರಬೇಕಾಗಿ ಬಂದರೆ, ಅದೇ ರಾತ್ರಿ ಬಾಗಿಲು ತೆಗೆಯಲು ತಯಾರಾದ, ತರಬೇತಿ ಪಡೆದ ಮನೆಗಳು ಅಲ್ಲಿವೆ. ವರ್ಷಗಟ್ಟಲೆ ಮಗು ಸಾಕುವ ದಂಪತಿಗೆ ಎರಡು ದಿನ ಬಿಡುವು ಕೊಡಲೆಂದೇ ಬೇರೆ ಕುಟುಂಬಗಳಿವೆ. ನಮ್ಮಲ್ಲಿ ಮಗು ಸಿಕ್ಕ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿಂದ ಹೆಚ್ಚಿನ ಮಕ್ಕಳು ಹೋಗುವುದು ಬಾಲಮಂದಿರಕ್ಕೆ, ಇಲ್ಲವೇ ಯಾವುದಾದರೂ ಸಂಸ್ಥೆಗೆ. ನಿಮ್ಮ ಪಟ್ಟಿ ಓದಿದ ಹಾವೇರಿಯ ಓದುಗರೊಬ್ಬರು ನಾಳೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ 'ನಾವು ಬಿಡುವಿನ ಪಾಲನೆ ಮಾಡುತ್ತೇವೆ' ಅಂದರೆ ಅಲ್ಲಿ ಅವರಿಗೆ ಏನು ಉತ್ತರ ಸಿಗುತ್ತದೆ, ಯೋಚಿಸಿ.

ನಮ್ಮ ಕಾನೂನು ಏನು ಹೇಳುತ್ತದೆ ನೋಡಿ. ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಪೋಷಕತ್ವದ, ಅಂದರೆ ಫಾಸ್ಟರ್ ಕೇರ್‌ನ ಬಗ್ಗೆ ಇದೆ. ಸಮಿತಿಯ ಆದೇಶದ ಮೇಲೆ ಮಗುವನ್ನು ಬೇರೆ ಕುಟುಂಬದಲ್ಲಿ ಇಡಬಹುದು. ಸ್ವಲ್ಪ ಕಾಲಕ್ಕಾದರೂ ಸರಿ, ಜಾಸ್ತಿ ಕಾಲಕ್ಕಾದರೂ ಸರಿ. ಕೆಲವು ಮಕ್ಕಳನ್ನು ಒಟ್ಟಿಗೆ ಮನೆಯ ಹಾಗೆ ನೋಡಿಕೊಳ್ಳುವ ಗುಂಪು ಪೋಷಕತ್ವವೂ ಇದೇ ಸೆಕ್ಷನ್ನಿನಲ್ಲಿದೆ. ಅಣ್ಣ ತಂಗಿಯರನ್ನು ಆದಷ್ಟೂ ಬೇರೆ ಮಾಡಬಾರದು. ಸಮಿತಿ ಪ್ರತಿ ತಿಂಗಳೂ ಆ ಮನೆಗೆ ಹೋಗಿ ನೋಡಬೇಕು. ಮಗು ಅಲ್ಲಿ ಚೆನ್ನಾಗಿಲ್ಲ ಅನಿಸಿದರೆ ಬೇರೆ ಕಡೆ ಕಳುಹಿಸಬೇಕು. ಸಾಮಾನ್ಯವಾಗಿ ಆರು ವರ್ಷ ದಾಟಿದ ಮಕ್ಕಳನ್ನೇ ಹೀಗೆ ಕೊಡುವುದು. ಒಂಟಿಯಾಗಿರುವವರಿಗೆ ಮಗುವನ್ನು ಕೊಡುವುದಿಲ್ಲ ಅಂತ ಬರೆದಿದ್ದೀರಿ, ಅದು ಹಳೆಯ ಮಾತು. ಕೇಂದ್ರ ಸರ್ಕಾರದ 2024ರ ಮಾದರಿ ಮಾರ್ಗಸೂಚಿಯ ಪ್ರಕಾರ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ ಅರ್ಜಿ ಹಾಕಬಹುದು. ಹೆಂಗಸರಿಗೆ ಹೆಣ್ಣು ಮಗುವನ್ನೂ ಕೊಡಬಹುದು, ಗಂಡು ಮಗುವನ್ನೂ ಕೊಡಬಹುದು. ಗಂಡಸರಿಗೆ ಗಂಡು ಮಗು ಮಾತ್ರ.

ಇಷ್ಟು ತಿಳಿದರೆ ವಿಧಗಳನ್ನು ಹೇಗೆ ಹೇಳಬೇಕು ಅನ್ನುವುದೂ ತಿಳಿಯುತ್ತದೆ. ಪ್ರತಿ ವಿಧದ ಮುಂದೆ ಒಂದೇ ಪ್ರಶ್ನೆ ಇಡಿ: ಇಲ್ಲಿಂದ ಮುಂದೆ ಈ ಮಗು ಎಲ್ಲಿಗೆ ಹೋಗುತ್ತದೆ, ಅದನ್ನು ಯಾರು ತೀರ್ಮಾನಿಸುತ್ತಾರೆ? ಅಮ್ಮ ಗುಣವಾಗಿ ಬರುವ ತನಕ ಇರುವ ಮಗುವಿನ ಮನಸ್ಥಿತಿ ಒಂದು. ವಾಪಸ್ ಹೋಗಲು ಮನೆಯೇ ಇಲ್ಲದ ಮಗುವಿನದು ಇನ್ನೊಂದು. ನೀವು ಹೇಳುವ ಸವಾಲುಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಸುಮ್ನೆ 'ಹೊಂದಾಣಿಕೆಯ ಸಮಸ್ಯೆ' ಅಂತ ಏಳು ಸಲ ಬರೆದರೆ ಯಾವ ಮಗುವೂ ಕಣ್ಣಿಗೆ ಕಾಣುವುದಿಲ್ಲ.

ಬಂಧುಗಳ ಪಾಲನೆಗೆ ನೀವು ಮೂರೇ ಸಾಲು ಕೊಟ್ಟಿದ್ದೀರಿ. ನನಗೆ ಅತಿ ಹೆಚ್ಚು ಬೇಸರವಾಗಿದ್ದು ಇಲ್ಲೇ. ನಮ್ಮ ಊರುಗಳಲ್ಲಿ ಅಪ್ಪ ಅಮ್ಮ ಇಲ್ಲದ ಮಗು ಬೆಳೆಯುವುದು ಅಜ್ಜಿ ಮನೆಯಲ್ಲಿ, ದೊಡ್ಡಪ್ಪನ ಮನೆಯಲ್ಲಿ, ಸೋದರಮಾವನ ಮನೆಯಲ್ಲಿ. ಅದಕ್ಕೆ ಯಾವ ಆದೇಶವೂ ಇರುವುದಿಲ್ಲ. ಇದನ್ನು ಫಾಸ್ಟರ್ ಕೇರ್ ಪಟ್ಟಿಗೆ ಸೇರಿಸುವಾಗಲೂ ಎಚ್ಚರ ಬೇಕು. ಬಂಧುಗಳ ಜೊತೆಗಿರುವ ಅನಾಥ ಮಗುವಿಗೆ ಸರ್ಕಾರದ ನೆರವು ಬರುವುದು 45ನೇ ಸೆಕ್ಷನ್ನಿನ ಪ್ರಾಯೋಜಕತ್ವದ ದಾರಿಯಲ್ಲಿ, ಅಂದರೆ ಮಗುವನ್ನು ಕುಟುಂಬದಲ್ಲೇ ಬೆಳೆಸಲು ಕೊಡುವ ಹಣದ ನೆರವಾಗಿ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಪ್ರಾಯೋಜಕತ್ವಕ್ಕೂ ಪೋಷಕತ್ವಕ್ಕೂ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕೋವಿಡ್ ಕಾಲದಲ್ಲಿ, 2021ರ ಮೇ ತಿಂಗಳಲ್ಲಿ, ರಾಜ್ಯ ಸರ್ಕಾರ ಮುಖ್ಯಮಂತ್ರಿ ಬಾಲ ಸೇವಾ ಯೋಜನೆ ಘೋಷಿಸಿತು. ಸೋಂಕಿನಿಂದ ಹೆತ್ತವರನ್ನು ಕಳೆದುಕೊಂಡ ಮಗುವಿಗೆ ತಿಂಗಳಿಗೆ 3,500 ರೂಪಾಯಿ. ಹಣ ಬರುವುದು ನೋಡಿಕೊಳ್ಳುವವರ ಕೈಗೆ. ಆಗ ಮನೆಯೊಳಗೆ ಏನೇನು ನಡೆಯುತ್ತದೆ? ಅಜ್ಜಿಗೆ ಎಪ್ಪತ್ತು ವರ್ಷ. ಬ್ಯಾಂಕಿಗೆ ಕರೆದುಕೊಂಡು ಹೋಗುವವನು ಚಿಕ್ಕಪ್ಪ. ತೀರಿಹೋದ ಮಗನ ಹೊಲದ ಪೌತಿ ಖಾತೆ ಇನ್ನೂ ಆಗಿಲ್ಲ. ಮಗು ಯಾರ ಮನೆಯಲ್ಲಿರಬೇಕು ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಹೊಲದ ಮಾತೂ ಇರುತ್ತದೆ. ಇದನ್ನು ಬರೆಯಿರಿ. ಕನ್ನಡ ಓದುಗರು ತಕ್ಷಣ ಗುರುತಿಸುತ್ತಾರೆ.

ಸೋದರಮಾವನ ಮನೆಯ ಬಗ್ಗೆ ಇನ್ನೊಂದು ಮಾತು. ನಮ್ಮ ಕೆಲವು ಸಮುದಾಯಗಳಲ್ಲಿ ಸೋದರ ಸಂಬಂಧದ ಮದುವೆ ಇದೆ. ಆ ಮನೆಯಲ್ಲಿ ಬೆಳೆಯುವ ಹುಡುಗಿಯನ್ನು 'ಹೇಗೂ ನಮ್ಮ ಮನೆಗೇ ಬರುವವಳು' ಅಂತ ನೋಡಲು ಶುರುಮಾಡಿದರೆ, ಅವಳ ಓದು ಎಲ್ಲಿಗೆ ನಿಲ್ಲುತ್ತದೆ? ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಕಾನೂನು ಅಷ್ಟು ಗಟ್ಟಿಯಾಗಿದೆ. ಆದರೆ ಅನ್ನ ಹಾಕಿದವರ ಎದುರು ಒಲ್ಲೆ ಅನ್ನುವುದು ಹದಿನಾಲ್ಕರ ಹುಡುಗಿಗೆ ಸುಲಭ ಅಲ್ಲ. ಎಲ್ಲ ಮಾವಂದಿರೂ ಹೀಗೆ ಅಂತ ಖಂಡಿತ ಹೇಳುತ್ತಿಲ್ಲ. ತಂಗಿಯ ಮಕ್ಕಳಿಗಾಗಿ ತನ್ನ ಬದುಕನ್ನೇ ಸವೆಸಿದ ಮಾವಂದಿರು ಬೇಕಾದಷ್ಟು ಜನ ಇದ್ದಾರೆ. ಆದರೆ 'ಬಂಧುಗಳ ಮನೆ ಸುರಕ್ಷಿತ' ಅಂತ ನೀವು ಕಣ್ಣು ಮುಚ್ಚಿ ಬರೆದ ಸಾಲು ಹೋಗಲೇಬೇಕು. ವಿಕ್ಟೋರಿಯಾ ಕ್ಲಿಂಬಿಯೆ ಅನ್ನುವ ಹುಡುಗಿಯನ್ನು ಐವರಿ ಕೋಸ್ಟ್‌ನ ಹೆತ್ತವರು ಒಳ್ಳೆಯ ಓದು ಸಿಗಲಿ ಅಂತ ಸಂಬಂಧಿ ಹೆಂಗಸೊಬ್ಬಳ ಜೊತೆ ಯುರೋಪಿಗೆ ಕಳುಹಿಸಿದರು. ಎಂಟನೇ ವಯಸ್ಸಿನಲ್ಲಿ, 2000ದ ಫೆಬ್ರವರಿಯಲ್ಲಿ, ಅವಳು ಲಂಡನ್ನಿನಲ್ಲಿ ಅದೇ ಹೆಂಗಸಿನ ಮತ್ತು ಆ ಹೆಂಗಸಿನ ಸಂಗಾತಿಯ ಹಿಂಸೆಯಿಂದ ಸತ್ತಳು. ಆಸ್ಪತ್ರೆಯವರು, ಪೊಲೀಸರು, ಸಮಾಜ ಕಾರ್ಯಕರ್ತರು ಎಲ್ಲರೂ ಅವಳನ್ನು ನೋಡಿದ್ದರು, ಆದರೂ ಯಾರೂ ಉಳಿಸಲಿಲ್ಲ. ಅವಳ ಸಾವಿನ ತನಿಖೆಯ 2003ರ ಲೇಮಿಂಗ್ ವರದಿ ಇದನ್ನೆಲ್ಲ ದಾಖಲಿಸಿದೆ. ನಮ್ಮಲ್ಲೂ 'ಸಾಕಿಕೊಂಡಿದ್ದೇವೆ' ಅನ್ನುವ ಎಷ್ಟೋ ಮನೆಗಳಲ್ಲಿ ಪಾತ್ರೆ ತೊಳೆಯುವವಳು ಆ ಮಗುವೇ.

ಇನ್ನು 'ಸಂಸ್ಥೆಗಿಂತ ಕುಟುಂಬವೇ ಮೇಲು' ಅನ್ನುವ ನಿಮ್ಮ ಮಾತು. ನನಗೂ ಹಾಗೇ ಅನಿಸುತ್ತದೆ. ಆದರೆ ಓದುಗರು ಯಾಕೆ ನಂಬಬೇಕು? ರೊಮೇನಿಯಾದಲ್ಲಿ ಏನಾಯಿತು ಓದಿ. 1966ರಲ್ಲಿ ಚೌಶೆಸ್ಕು ಸರ್ಕಾರ ಗರ್ಭಪಾತವನ್ನು ಹೆಚ್ಚುಕಡಿಮೆ ನಿಷೇಧಿಸಿತು. ಸಾಕಲಾಗದ ಮಕ್ಕಳನ್ನು ಬಡ ಹೆತ್ತವರು ಸರ್ಕಾರಿ ಅನಾಥಾಲಯಗಳಲ್ಲಿ ಬಿಟ್ಟರು. 1989ರ ಡಿಸೆಂಬರ್‌ನಲ್ಲಿ ಆ ಸರ್ಕಾರ ಬಿದ್ದಾಗ ಅಲ್ಲಿನ ಮಕ್ಕಳ ಸ್ಥಿತಿಯನ್ನು ಜಗತ್ತು ನೋಡಿತು. ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಅನ್ನುವ ಸಂಶೋಧಕರು 2000ದಲ್ಲಿ ರಾಜಧಾನಿ ಬುಕಾರೆಸ್ಟ್‌ನ ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳನ್ನು ಆರಿಸಿದರು. ಅರ್ಧ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಫಾಸ್ಟರ್ ಕುಟುಂಬಗಳಿಗೆ ಕಳುಹಿಸಿದರು. ಆಗ ಆ ಊರಿನಲ್ಲಿ ಅಂಥ ಮನೆಗಳು ಇರಲಿಲ್ಲವೆಂದೇ ಹೇಳಬೇಕು, ಆ ಮನೆಗಳನ್ನೂ ಅವರೇ ಹುಡುಕಿ ತಯಾರು ಮಾಡಿದರು. ಮನೆಗೆ ಹೋದ ಮಕ್ಕಳು ಬುದ್ಧಿಯಲ್ಲಿ, ಮಾತಿನಲ್ಲಿ, ಹಚ್ಚಿಕೊಳ್ಳುವುದರಲ್ಲಿ ಮುಂದೆ ಬಂದರು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಹೆಚ್ಚು ಲಾಭವಾಯಿತು.

ಆದರೆ ಇದನ್ನು ತಂದು ಹಾಗೇ ಅಂಟಿಸಬೇಡಿ. ಅದು ಕೂಸುಗಳ ಕಥೆ. ನಮ್ಮಲ್ಲಿ ಪೋಷಕತ್ವಕ್ಕೆ ಹೋಗುವ ಮಗುವಿಗೆ ಆರು, ಒಂಬತ್ತು, ಹನ್ನೆರಡು ವರ್ಷ. ಅದಕ್ಕೆ ತನ್ನ ಮನೆಯ ನೆನಪಿದೆ, ಅಮ್ಮನ ಮುಖ ಗೊತ್ತಿದೆ, ಬಾಲಮಂದಿರದ ಗಂಟೆಗೆ ಏಳುವ ಅಭ್ಯಾಸ ಇದೆ. ಜೊತೆಗೆ, ಬುಕಾರೆಸ್ಟ್‌ನ ಆ ಕುಟುಂಬಗಳಿಗೆ ಹಣ ಸಿಗುತ್ತಿತ್ತು, ಸಮಾಜ ಕಾರ್ಯಕರ್ತರು ಪದೇ ಪದೇ ಬರುತ್ತಿದ್ದರು. ಮಕ್ಕಳು ಸುಧಾರಿಸಿದ್ದರಲ್ಲಿ ಆ ಬೆಂಬಲದ ಪಾಲೂ ಇದೆ. ನಮ್ಮ ತಿಂಗಳ ಭೇಟಿ ನಿಜವಾಗಿ ನಡೆಯುತ್ತಿದೆಯಾ ಅಂತ ನೀವು ಆ ಮನೆಯಲ್ಲಿ ಕೇಳಬಹುದಿತ್ತು.

ಗುಂಪು ಪೋಷಕತ್ವಕ್ಕೆ ಒಂದು ಪ್ಯಾರಾ ಸಾಕು. 1949ರಲ್ಲಿ ಆಸ್ಟ್ರಿಯಾದ ಇಮ್ಸ್ಟ್‌ನಲ್ಲಿ ಹರ್ಮನ್ ಗ್ಮೈನರ್ ಶುರುಮಾಡಿದ ಎಸ್‌ಒಎಸ್ ಮಕ್ಕಳ ಗ್ರಾಮದ ಕಲ್ಪನೆ ನೆನಪಿಸಿಕೊಳ್ಳಿ. ಒಂದು ಮನೆ, ಒಬ್ಬ 'ತಾಯಿ', ಒಡಹುಟ್ಟಿದವರ ಹಾಗೆ ಕೆಲವು ಮಕ್ಕಳು. ಅಲ್ಲಿ ಕೇಳಬೇಕಾದ್ದು, ಆ ತಾಯಿ ಕೆಲಸ ಬಿಟ್ಟ ದಿನ ಅಥವಾ ನಿವೃತ್ತಿಯಾದ ದಿನ ಮಕ್ಕಳಿಗೆ ಏನಾಗುತ್ತದೆ ಅಂತ.

ಈಗ ನಿಮ್ಮ ಕೊನೆಯ ಭಾಗ. 'ಎರಡು ವರ್ಷ ಕಳೆದರೆ ದತ್ತು ಪಡೆಯಬಹುದು, ಆ ಶುಭದಿನಕ್ಕಾಗಿ ಕುಟುಂಬ ಕಾಯುತ್ತಿದೆ' ಅಂತ ಮುಗಿಸಿದ್ದೀರಿ. ಮೊದಲು ಐದು ವರ್ಷ ಇದ್ದದ್ದು 2024ರಲ್ಲಿ ಎರಡು ವರ್ಷವಾಗಿದೆ ಅನ್ನುವುದು ಸರಿ. ಆದರೆ ಎರಡು ವರ್ಷ ಕಳೆದ ಮಾತ್ರಕ್ಕೆ ದತ್ತು ಆಗುವುದಿಲ್ಲ. ಮಗು ಕಾನೂನಿನ ಪ್ರಕಾರ ದತ್ತಿಗೆ ಮುಕ್ತ ಅಂತ ಸಮಿತಿ ಘೋಷಿಸಬೇಕು. ಈ ಹುಡುಗಿಗೆ ತಾಯಿ ಇದ್ದಾಳೆ! ನಿಮ್ಮ ಲೇಖನದಲ್ಲಿ ಆ ತಾಯಿ ಒಂದು ಸಾಲಿನಲ್ಲಿ ಬಂದು ಮಾಯವಾಗುತ್ತಾಳೆ. ಅವಳು ಎಲ್ಲಿದ್ದಾಳೆ? ಔಷಧಿ ಸಿಗುತ್ತಿದೆಯಾ? ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಅವಳನ್ನು ಯಾರಾದರೂ ಕರೆದುಕೊಂಡು ಹೋಗುತ್ತಿದ್ದಾರಾ? 44ನೇ ಸೆಕ್ಷನ್ನಿನಲ್ಲೇ ಇದೆ: ಮಗುವಿಗೆ ಕೆಡುಕಾಗುತ್ತದೆ ಅಂತ ಸಮಿತಿ ಭಾವಿಸದಿದ್ದರೆ ಹೆತ್ತವರು ಆಗಾಗ ಬಂದು ನೋಡಬಹುದು, ಅವರು ಸರಿಹೋದರೆ ಮಗು ವಾಪಸ್ ಹೋಗಬಹುದು. ಚಿಕಿತ್ಸೆ ಸಿಕ್ಕರೆ ಮಾನಸಿಕ ಕಾಯಿಲೆಯ ಎಷ್ಟೋ ತಾಯಂದಿರು ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅವಳ ದುಃಖದ ಮೇಲೆ ನಿಮ್ಮ ಲೇಖನದ ಸುಖಾಂತ್ಯ ನಿಂತಿದೆ. ಇದು ಸರಿಯಲ್ಲ.

ಸಾಕುತ್ತಿರುವ ತಾಯಿಯನ್ನೂ ನೀವು 'ತ್ಯಾಗಮಯಿ' ಅಂತ ಕರೆದು ಮುಗಿಸಿದ್ದೀರಿ. ಅವರು ನಿಜವಾಗಿ ಇರುವ ಜಾಗ ಬಹಳ ಕಷ್ಟದ್ದು. ಮಗುವನ್ನು ಪೂರ್ತಿ ಹಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಮಗುವಿಗೆ ಗೊತ್ತಾಗಿಬಿಡುತ್ತದೆ. ನಾಳೆ ಆದೇಶ ಬಂದರೆ ಬಟ್ಟೆ ಮಡಚಿ ಕಳುಹಿಸಲೂಬೇಕು. ಅಮ್ಮ ಭೇಟಿಗೆ ಬಂದು ಹೋದ ರಾತ್ರಿ ಮಗು ಇವರ ಮೇಲೆ ಸಿಟ್ಟು ಮಾಡಿಕೊಳ್ಳುತ್ತದೆ, ಅದನ್ನೂ ತಾಳಿಕೊಳ್ಳಬೇಕು. ಅವರು ದತ್ತಿನ ಆಸೆಯಿಂದಲೇ ಮಗುವನ್ನು ಕರೆದುಕೊಂಡಿದ್ದರೆ, ಹೆತ್ತ ತಾಯಿ ಗುಣವಾಗಲಿ ಅಂತ ಮನಸಾರೆ ಬಯಸುವುದು ಅವರಿಗೆ ಆಗುತ್ತದಾ? ಇದನ್ನು ಅವರನ್ನೇ ಕೇಳಿ, ಮೆಲ್ಲಗೆ. ತಪ್ಪು ಹುಡುಕಲು ಕೇಳಬೇಡಿ. ಇಂಥ ಮನೆಯೊಳಗಿನ ದೊಡ್ಡ ಭಾರ ಇದೇ, ಯಾರೂ ಇದರ ಬಗ್ಗೆ ಬರೆಯುವುದಿಲ್ಲ.

ನಿಮ್ಮ ಬರಹದಲ್ಲಿ ಒಂದು ಕಡೆ ನಾನು ನಿಂತುಬಿಟ್ಟೆ. ಆ ಹುಡುಗಿ ಮೊದಲ ತಿಂಗಳು ಊಟದ ತಟ್ಟೆಯಿಂದ ಅರ್ಧ ರೊಟ್ಟಿ ತೆಗೆದು ದಿಂಬಿನ ಕೆಳಗೆ ಇಡುತ್ತಿದ್ದಳು, ಮನೆಯವರು ಬೈಯಲಿಲ್ಲ, ಒಂದು ಡಬ್ಬಿ ಕೊಟ್ಟರು ಅಂತ ಬರೆದಿದ್ದೀರಲ್ಲ, ಅಲ್ಲಿ. ಹಸಿವು ಕಂಡ ಮಗು ಏನು ಮಾಡುತ್ತದೆ, ಒಳ್ಳೆಯ ಮನೆ ಏನು ಮಾಡುತ್ತದೆ, ಎರಡೂ ಅದರಲ್ಲಿವೆ. ಅದು 'ಚಿಕಿತ್ಸಕ ಪಾಲನೆ'ಯ ಸವಾಲುಗಳ ಕೆಳಗೆ ಒಂದು ಅಂಶವಾಗಿ ಹೂತುಹೋಗಿದೆ. ಲೇಖನವನ್ನು ಅಲ್ಲಿಂದ ಶುರುಮಾಡಿ. 'ಮಕ್ಕಳು ದೇವರ ಸಮಾನ' ಅನ್ನುವ ಮೊದಲ ಎರಡು ಪ್ಯಾರಾ ಹೊಡೆದುಹಾಕಿ. ಬಾಲಮಂದಿರದ ಮಕ್ಕಳನ್ನೆಲ್ಲ 'ಅನಾಥರು' ಅಂದಿದ್ದೀರಿ, ಅದನ್ನೂ ತಿದ್ದಿ. ಅಲ್ಲಿನ ಬಹಳ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಬಡತನ, ಕುಡಿತ, ಕಾಯಿಲೆ, ಎರಡನೇ ಮದುವೆ, ಹೀಗೆ ಏನೋ ಒಂದು ಅವರನ್ನು ಅಲ್ಲಿಗೆ ತಂದಿರುತ್ತದೆ. ಹದಿನೆಂಟು ತುಂಬಿದ ಮೇಲೆ ಏನು ಅನ್ನುವುದಕ್ಕೂ ಜಾಗ ಕೊಡಿ. 46ನೇ ಸೆಕ್ಷನ್ ಸಂಸ್ಥೆ ಬಿಟ್ಟು ಹೊರಬರುವ ಮಕ್ಕಳಿಗೆ ಹಣದ ನೆರವಿನ ಮಾತಾಡುತ್ತದೆ. ಇಂಗ್ಲೆಂಡಿನಲ್ಲಿ 2014ರಿಂದ ಫಾಸ್ಟರ್ ಮನೆಯಲ್ಲೇ 21ರವರೆಗೆ ಉಳಿಯಲು ದಾರಿ ಮಾಡಿದ್ದಾರೆ. ಹೋಲಿಕೆ ಬೇಕೆಂದರೆ ಇಂಥ ಕಡೆ ಮಾಡಿ.

ತಿದ್ದುವ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಮತ್ತೊಮ್ಮೆ ಕಾಣಿ. ಮಗುವಿನ ಮನೆಗೆ ಹೋಗಲು ಸಮಿತಿಯ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ, ಅದರ ಪ್ರತಿ ನಮಗೂ ಬೇಕು. ಹುಡುಗಿಯನ್ನು ಮತ್ತೆ ಪ್ರಶ್ನೆ ಕೇಳಬೇಡಿ. ದೊಡ್ಡವರನ್ನು ಕೇಳಿದರೆ ಸಾಕು. ಫೋಟೊವನ್ನು ನಮ್ಮ ಕಡೆ ಅಳಿಸಿದ್ದೇವೆ. ನೀವು ಬೇರೆ ಯಾರಿಗಾದರೂ, ಯಾವುದಾದರೂ ವಾಟ್ಸಾಪ್ ಗುಂಪಿಗೆ ಕಳುಹಿಸಿದ್ದರೆ ಈವತ್ತೇ ತೆಗೆಸಿ. ಹೊಸ ಪ್ರತಿ 1,200 ಪದಗಳ ಒಳಗಿರಲಿ, ವಿಧಗಳು ಮೂರೇ ಆದರೂ ಅಡ್ಡಿಯಿಲ್ಲ. ಬಂದ ತಕ್ಷಣ ನಾನೇ ಓದುತ್ತೇನೆ.