ಒಂದು ತಿಂಗಳ ಮಗು ಹಾಲು ಕುಡಿದ ತಕ್ಷಣ ಕಕ್ಕುತ್ತೆ, ಸಂಜೆ ಆದ್ರೆ ರಚ್ಚೆ ಹಿಡಿಯುತ್ತೆ, ಏನ್ ಮಾಡೋದು?

ಕುಡಿಸಿದ ಮೇಲೆ ತಕ್ಷಣ ಮಲಗಿಸ್ಬೇಡಿ. ಹೆಗಲ ಮೇಲೆ ಹಾಕ್ಕೊಂಡು ಬೆನ್ನು ತಟ್ಟಿ ತೇಗು ಬರಿಸಿ, ಆಮೇಲೂ 20-30 ನಿಮಿಷ ನೆಟ್ಟಗೆ ಎತ್ಕೊಂಡಿರಿ, ಒಂದೇ ಸಲ ಹೊಟ್ಟೆ ಬಿರಿಯೋಷ್ಟು ಬೇಡ, ಸ್ವಲ್ಪ ಸ್ವಲ್ಪ ಆಗಾಗ ಕುಡಿಸಿ.

ಯಾಕಂದ್ರೆ ಅನ್ನನಾಳ ಹೊಟ್ಟೆಗೆ ಸೇರೋ ಕಡೆ ಇರೋ ಸ್ನಾಯು ಎಳೆ ಮಕ್ಕಳಲ್ಲಿ ಇನ್ನೂ ಸರಿಯಾಗಿ ಬಿಗಿಯಾಗಿರಲ್ಲ, ಮುಚ್ಚಳ ಸಡಿಲ ಇರೋ ಬಾಟ್ಲಿನ ಅಡ್ಡ ಮಲಗಿಸಿದಂಗೆ, ಹಾಲು ವಾಪಸ್ ಬರುತ್ತೆ. ತೂಕ ಚೆನ್ನಾಗಿ ಏರ್ತಿದ್ರೆ ಭಯ ಬೇಡ, ವರ್ಷ ತುಂಬೋ ಹೊತ್ತಿಗೆ ಬಹುಪಾಲು ಮಕ್ಕಳಿಗೆ ನಿಂತೋಗುತ್ತೆ.

ಸಂಜೆ ಅಳು ಬೇರೆ ಕಥೆ, ಅದು ಸಾಮಾನ್ಯವಾಗಿ ಕಾಲಿಕ್, ಅಂದ್ರೆ ಆರೋಗ್ಯವಾಗಿರೋ ಎಳೆ ಮಗು ಕಾರಣ ಗೊತ್ತಾಗದೆ ತುಂಬಾ ಹೊತ್ತು ಅಳೋದು. ಸುಮಾರು 6 ವಾರಕ್ಕೆ ಜೋರಾಗಿ 3-4 ತಿಂಗಳಿಗೆ ತಾನೇ ಇಳಿಯುತ್ತೆ. ಲೈಟ್ ಕಮ್ಮಿ ಮಾಡಿ, ಎದೆಗೆ ಒರಗಿಸ್ಕೊಂಡು ಓಡಾಡಿ, ಫ್ಯಾನಿನ ಒಂದೇ ಸಮನೆ ಸದ್ದಿಗೂ ಕೆಲವು ಮಕ್ಕಳು ಸುಮ್ನಾಗ್ತವೆ.

ನಮ್ ಕೋಲಾರದ ಕಡೆ ಬಜೆ ತೇದು ನೆಕ್ಕಿಸೋದು, ಓಮದ ನೀರು, ಜೇನು, ಗ್ರೈಪ್ ವಾಟರ್ ಅಂತ ಶುರು ಮಾಡ್ತಾರೆ, ಯಾವ್ದೂ ಬೇಡ, 6 ತಿಂಗಳವರೆಗೆ ಎದೆಹಾಲೇ ಸಾಕು (ಅಜ್ಜಿ ಬೇಜಾರಾದ್ರೆ ತೇಗು ಬರಿಸೋ ಡ್ಯೂಟಿ ಅವರಿಗೇ ಕೊಡಿ, ನಿಮಗಿಂತ ಚೆನ್ನಾಗಿ ಮಾಡ್ತಾರೆ). ಕಕ್ಕುತ್ತೆ ಅಂತ ಬೋರಲು ಮಲಗಿಸ್ಬೇಡಿ, ನಿದ್ದೆಗೆ ಅಂಗಾತನೇ ಸೇಫ್. ಸಿಟ್ಟು ಬಂದ್ರೆ ಮಗೂನ ಯಾವತ್ತೂ ಅಲುಗಾಡಿಸ್ಬೇಡಿ, ತೊಟ್ಟಿಲಲ್ಲಿ ಮಲಗಿಸಿ ಬೇರೆಯವರನ್ನ ಕರೀರಿ.

ವಾಂತಿ ಹಸಿರಾಗಿದ್ರೆ, ರಕ್ತ ಕಂಡ್ರೆ, ಚಿಮ್ಮಿ ಬಂದ್ರೆ, ಜ್ವರ ಇದ್ರೆ, ಹಾಲೇ ಬೇಡ ಅಂದ್ರೆ ತಡ ಮಾಡದೆ ತಕ್ಷಣ ಮಕ್ಕಳ ಡಾಕ್ಟರ್ ಹತ್ರ ಹೋಗಿ.